ಬೆರಳೋ, ಕೊಳವೆಯೋ: ಅಪ್ಲಿಕೇಟರ್ ಇಲ್ಲದ ಟ್ಯಾಂಪೂನ್ ಆರಿಸುವ ಮುಂಚೆ

ತಂಗಿ ವಾಟ್ಸಾಪ್‌ನಲ್ಲಿ ಒಂದು ಫೋಟೊ ಕಳಿಸಿದ್ದಳು. ಮೆಡಿಕಲ್ ಶಾಪಿನಿಂದ ತಂದ ಪುಟ್ಟ ಡಬ್ಬಿ, ಪಕ್ಕದಲ್ಲಿ ಕಿರುಬೆರಳಿನಷ್ಟೇ ಉದ್ದದ ಹತ್ತಿಯ ಸುರುಳಿ. ಟ್ಯಾಂಪೂನ್, ಅಂದರೆ ಮುಟ್ಟಿನ ರಕ್ತ ಹೀರಲು ಯೋನಿಯೊಳಗೆ ಇಟ್ಟುಕೊಳ್ಳುವಂಥದ್ದು. ಕೆಳಗೆ ಒಂದೇ ಸಾಲು: "ಅಕ್ಕಾ, ಇದನ್ನ ಒಳಗೆ ತಳ್ಳೋ ಪ್ಲಾಸ್ಟಿಕ್ ಕೊಳವೆ ಎಲ್ಲಿ? ಡಬ್ಬೀಲಿ ಇಲ್ವಲ್ಲ."

"ಇರಲ್ಲ. ಬೆರಳಲ್ಲೇ ತಳ್ಳಬೇಕು" ಎಂದು ಬರೆದೆ.

ಹತ್ತು ನಿಮಿಷ ಸುದ್ದಿಯಿಲ್ಲ. ಆಮೇಲೆ ಬಂತು: "ಛೀ."

ಬೈಯಲು ಮನಸ್ಸಾಗಲಿಲ್ಲ. ನಾವು ಬೆಳೆದದ್ದೇ ಹಾಗೆ. ಮುಟ್ಟು ಎನ್ನುವ ಮಾತಿನೊಳಗೇ ಮುಟ್ಟಬೇಡ ಎನ್ನುವುದು ಸೇರಿಕೊಂಡಿದೆ. ಆ ದಿನಗಳಲ್ಲಿ ಉಪ್ಪಿನಕಾಯಿ ಜಾಡಿ ಮುಟ್ಟಬಾರದು, ದೇವರ ಕೋಣೆ ಮುಟ್ಟಬಾರದು. ಇನ್ನು ನಮ್ಮದೇ ಮೈಯನ್ನು ಮುಟ್ಟುವುದು ದೂರದ ಮಾತು. ಅಪ್ಲಿಕೇಟರ್, ಅಂದರೆ ಒಳಗೆ ತಳ್ಳುವ ಆ ಕೊಳವೆ, ಇರುವುದೋ ಇಲ್ಲದ್ದೋ ಎಂದು ಯೋಚಿಸುವಾಗ ಬೆಲೆ, ಸೈಜು ಎಲ್ಲಕ್ಕಿಂತ ಮುಂಚೆ ಅಡ್ಡ ಬರುವುದು ಈ "ಛೀ". ಅದನ್ನು ದಾಟಿದರೆ ಹೆಚ್ಚಿನ ದಿನಗಳಿಗೆ ಅಪ್ಲಿಕೇಟರ್ ಇಲ್ಲದ್ದೇ ವಾಸಿ ಎಂಬುದು ನನ್ನ ಅನುಭವ. ಎಲ್ಲ ದಿನಗಳಿಗೂ ಅಂತ ಹೇಳಲ್ಲ. ಅದು ಸೋತ ಒಂದು ದಿನದ ಕಥೆಯೂ ಮುಂದೆ ಬರುತ್ತದೆ.

ಎರಡು ದೇಶ, ಎರಡು ಅಭ್ಯಾಸ

ಕೆಲಸದ ಮೇಲೆ ನಾನು ಎರಡು ವರ್ಷ ಜರ್ಮನಿಯಲ್ಲಿದ್ದೆ. ಅಲ್ಲಿ ಮೊದಲ ಸಲ ಅಂಗಡಿಯ ಕಪಾಟಿನ ಮುಂದೆ ನಿಂತಾಗ ಸಾಲುಸಾಲಾಗಿ ಕಂಡದ್ದು ಅಂಗೈಯಲ್ಲಿ ಮುಚ್ಚಿಡಬಹುದಾದ ಪುಟ್ಟ ಡಬ್ಬಿಗಳು. ಅಪ್ಲಿಕೇಟರ್ ಇರುವುದನ್ನು ಹುಡುಕಿದರೆ ಕೆಳಗಿನ ಮೂಲೆಯಲ್ಲಿ ಒಂದೆರಡು. ನ್ಯೂಜೆರ್ಸಿಯಲ್ಲಿರುವ ಅತ್ತಿಗೆಗೆ ಫೋನ್ ಮಾಡಿದರೆ ಅವರಿಗೆ ಆಶ್ಚರ್ಯ. "ಕೊಳವೆ ಇಲ್ಲದೆ ಹೇಗೆ ಹಾಕ್ಕೊಳ್ತಾರೆ?" ಅಮೆರಿಕದ ಅಂಗಡಿಯಲ್ಲಿ ಕಪಾಟು ಪೂರ್ತಿ ಉಲ್ಟಾ.

ಇದಕ್ಕೆ ಕಾರಣ ಎರಡು ಹಳೆಯ ಕಥೆಗಳು. ಅಮೆರಿಕದ ಡೆನ್ವರ್‌ನಲ್ಲಿದ್ದ ಅರ್ಲ್ ಹಾಸ್ ಎಂಬ ಡಾಕ್ಟರ್ ಒಂದರೊಳಗೊಂದು ಜಾರುವ ಎರಡು ರಟ್ಟಿನ ಕೊಳವೆಗಳ ಟ್ಯಾಂಪೂನ್ ಮಾಡಿ, 1931ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದರು. 1933ರಲ್ಲಿ ಅದು ಸಿಕ್ಕಿತು. ಟ್ಯಾಂಪ್ಯಾಕ್ಸ್ ಎಂಬ ಬ್ರ್ಯಾಂಡ್ ಹುಟ್ಟಿದ್ದು ಅದರಿಂದ. ಹೆಂಗಸರ ಕೈ ಹತ್ತಿಗೂ ತಾಗಬಾರದು, ಮೈಗೂ ತಾಗಬಾರದು ಎಂಬುದೇ ಆ ಕೊಳವೆಯ ಉದ್ದೇಶ. ಅತ್ತ ಜರ್ಮನಿಯಲ್ಲಿ ಜುಡಿತ್ ಎಸ್ಸರ್-ಮಿಟ್ಟಾಗ್ ಎಂಬ ಸ್ತ್ರೀರೋಗ ತಜ್ಞೆ ಕೊಳವೆಯೇ ಬೇಡ, ಬೆರಳು ಸಾಕು ಎಂದು ವಿನ್ಯಾಸ ಮಾಡಿದರು. 1950ರಲ್ಲಿ ಅದು 'ಓ.ಬಿ.' ಎಂಬ ಹೆಸರಲ್ಲಿ ಅಂಗಡಿಗೆ ಬಂತು. ಜರ್ಮನ್‌ನಲ್ಲಿ 'ಓನೆ ಬಿಂಡೆ', ಅಂದರೆ 'ಪ್ಯಾಡ್ ಇಲ್ಲದೆ'.

ಕೊಳವೆ ಇಲ್ಲದ್ದನ್ನು 'ಡಿಜಿಟಲ್ ಟ್ಯಾಂಪೂನ್' ಎಂದೂ ಕರೆಯುತ್ತಾರೆ. ಇದನ್ನು ಕೇಳಿ ಇದಕ್ಕೂ ಆ್ಯಪ್ ಇದೆಯಾ ಎಂದು ಕೇಳಿದವರನ್ನು ನೋಡಿದ್ದೇನೆ. ಲ್ಯಾಟಿನ್‌ನಲ್ಲಿ 'ಡಿಜಿಟಸ್' ಅಂದರೆ ಬೆರಳು, ಅಷ್ಟೆ.

ನಮ್ಮ ಊರಿನ ಮೆಡಿಕಲ್ ಶಾಪ್‌ಗಳಲ್ಲಿ ನನಗೆ ಸಿಕ್ಕಿರುವುದು ಹೆಚ್ಚಾಗಿ ಈ ಬೆರಳಿನದೇ. ಅಪ್ಲಿಕೇಟರ್ ಬೇಕಾದರೆ ಆನ್‌ಲೈನ್‌ನಲ್ಲಿ ತರಿಸಬೇಕು, ಒಂದೊಂದಕ್ಕೆ ದುಡ್ಡೂ ಜಾಸ್ತಿ. 2018ರ ಜುಲೈಯಿಂದ ಪ್ಯಾಡ್‌ನ ಜೊತೆ ಟ್ಯಾಂಪೂನ್‌ಗೂ ಜಿಎಸ್‌ಟಿ ಇಲ್ಲ. ಆದರೂ ಪ್ಯಾಡ್‌ಗಿಂತ ದುಬಾರಿಯೇ.

ಒಳಗೆ ಹೋಗುವುದು ಒಂದೇ

ಮೊದಲು ಒಂದು ಗೊಂದಲ ಬಿಡಿಸೋಣ. ಅಪ್ಲಿಕೇಟರ್ ಇದ್ದರೂ ಇಲ್ಲದಿದ್ದರೂ ಒಳಗೆ ಉಳಿಯುವುದು ಹತ್ತಿ ಅಥವಾ ರೇಯಾನ್‌ನ ಸುರುಳಿ ಮತ್ತು ಅದರ ದಾರ. ಕೊಳವೆ ಹೊರಗೆ ಬಂದುಬಿಡುತ್ತದೆ. ಹಾಗಾಗಿ ಹೀರುವ ಶಕ್ತಿಯಲ್ಲಿ, ಎಷ್ಟು ಹೊತ್ತು ಇಡಬಹುದು ಎನ್ನುವುದರಲ್ಲಿ ವ್ಯತ್ಯಾಸವಿಲ್ಲ. ಕೊಳವೆ ಇದ್ದರೆ ಕೈ ತೊಳೆಯುವುದು ಬೇಡ ಎಂದುಕೊಳ್ಳುವುದೂ ತಪ್ಪು. ಅದನ್ನು ಬಿಚ್ಚುವುದು, ಹಿಡಿಯುವುದು ಅದೇ ಕೈಯಿಂದ ಅಲ್ವಾ.

ಒಂದು ಸಣ್ಣ ವ್ಯತ್ಯಾಸ ಮಾತ್ರ ಇದೆ. ಬೆರಳಿನ ಟ್ಯಾಂಪೂನ್ ನೆನೆದಂತೆ ಸಾಮಾನ್ಯವಾಗಿ ಅಗಲಕ್ಕೆ ಹಿಗ್ಗುತ್ತದೆ. ಅಪ್ಲಿಕೇಟರ್‌ನ ಹಲವು ಬ್ರ್ಯಾಂಡ್‌ಗಳು ಉದ್ದಕ್ಕೆ ಹಿಗ್ಗುತ್ತವೆ. ಬದಿಯಿಂದ ಸೋರುತ್ತದೆ ಎನ್ನುವವರು ಅಗಲಕ್ಕೆ ಹಿಗ್ಗುವುದನ್ನು ಒಮ್ಮೆ ನೋಡಬಹುದು. ನನಗೆ ಅದರಿಂದ ಉಪಯೋಗವಾಯಿತು.

ಸೈಜು ಎಂದರೆ ದಪ್ಪ ಮೈ, ಸಣ್ಣ ಮೈಗೆ ತಕ್ಕ ಸೈಜಲ್ಲ, ಎಷ್ಟು ಹೀರುತ್ತದೆ ಎಂಬ ಲೆಕ್ಕ. ಯುರೋಪಿನ ಡಬ್ಬಿಯ ಮೇಲೆ ಹನಿಗಳ ಚಿತ್ರ ಇರುತ್ತದೆ. ಅಮೆರಿಕದ ಲೆಕ್ಕದಲ್ಲಿ 'ರೆಗ್ಯುಲರ್' ಅಂದರೆ 6ರಿಂದ 9 ಗ್ರಾಂ, 'ಸೂಪರ್' ಅಂದರೆ 9ರಿಂದ 12 ಗ್ರಾಂ. ಮೊದಲ ಸಲ ಕೊಳ್ಳುವವರು ಜಾಸ್ತಿ ಹೀರಿದರೆ ಒಳ್ಳೆಯದಲ್ವಾ ಎಂದು ಸೂಪರ್‌ಗೆ ಕೈ ಹಾಕುತ್ತಾರೆ. ಬೇಡ. ಎಲ್ಲಕ್ಕಿಂತ ಚಿಕ್ಕದರಿಂದ ಶುರುಮಾಡಿ. ಒಳಗೆ ಹೋಗಲೂ ಅದೇ ಸುಲಭ, ಸುರಕ್ಷಿತವೂ ಅದೇ. ಏಕೆ ಎಂದು ಮುಂದೆ ಹೇಳುತ್ತೇನೆ.

ಬೆರಳಿನಿಂದ ಹಾಕುವುದು ಹೇಗೆ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಡಬ್ಬಿಯೊಳಗಿನ ಚೀಟಿಯಲ್ಲಿರುವ ಚಿತ್ರ ನೋಡಿ ಯಾರಿಗೂ ಏನೂ ಅರ್ಥವಾದಂತಿಲ್ಲ.

ಮೊದಲನೆಯದು, ಹರಿವು ಚೆನ್ನಾಗಿರುವ ದಿನವೇ ಕಲಿಯಿರಿ. ಎರಡನೇ ದಿನ ಅನುಕೂಲ. ಒಣಗಿದ ಜಾಗಕ್ಕೆ ಒಣ ಹತ್ತಿ ತಳ್ಳಿದರೆ ಉಜ್ಜಿ ಉರಿಯುತ್ತದೆ, ಆಮೇಲೆ ಜನ್ಮದಲ್ಲಿ ಬೇಡ ಅನ್ನಿಸುತ್ತದೆ. ಮುಟ್ಟಿಲ್ಲದ ದಿನ ಪ್ರಾಕ್ಟೀಸ್‌ಗೆಂದು ಹಾಕಲೇಬೇಡಿ. ಬಿಳಿ ಸೆರಗಿಗೂ ಇದು ಮದ್ದಲ್ಲ.

ಸೋಪು ಹಚ್ಚಿ ಕೈ ತೊಳೆದು, ಚೆನ್ನಾಗಿ ಒರೆಸಿಕೊಳ್ಳಿ. ಒದ್ದೆ ಬೆರಳಿಗೆ ಹತ್ತಿ ಅಂಟಿಕೊಳ್ಳುತ್ತದೆ. ತೋರುಬೆರಳಿನ ಉಗುರು ಉದ್ದವಿದ್ದರೆ ಕತ್ತರಿಸಿ.

ಈಗ ಸುರುಳಿಯನ್ನು ಕೈಗೆತ್ತಿಕೊಳ್ಳಿ. ತೆಳು ಪ್ಲಾಸ್ಟಿಕ್ ಹೊದಿಕೆಯ ನಡುವೆ ಒಂದು ಪಟ್ಟಿ ಇರುತ್ತದೆ, ಅದನ್ನು ಎಳೆದರೆ ಹೊದಿಕೆ ಎರಡು ಭಾಗವಾಗುತ್ತದೆ. ದಾರ ಇರುವ ಕೆಳಗಿನ ಭಾಗವನ್ನಷ್ಟೇ ತೆಗೆಯಿರಿ. ಮೇಲಿನ ಟೋಪಿ ಹಾಗೇ ಇರಲಿ. ದಾರ ಬಿಡಿಸಿ ಒಮ್ಮೆ ಜಗ್ಗಿ ನೋಡಿ, ಗಟ್ಟಿಯಾಗಿರಬೇಕು. ಆಮೇಲೆ ಬಹಳ ಜನ ಬಿಟ್ಟುಬಿಡುವ ಒಂದು ಕೆಲಸ: ದಾರವನ್ನು ಬದಿಗೆ ಎಳೆದು ಬುಡದ ಸುತ್ತ ಗುಂಡಗೆ ತಿರುಗಿಸಿ. ಹತ್ತಿಯ ಬುಡ ಪುಟ್ಟ ಕೊಡೆಯ ಹಾಗೆ ಬಿಚ್ಚಿಕೊಂಡು ನಡುವೆ ಒಂದು ಗುಳಿಯಾಗುತ್ತದೆ. ತೋರುಬೆರಳಿನ ತುದಿ ಆ ಗುಳಿಯಲ್ಲಿ ಕೂರುತ್ತದೆ. ಹೀಗೆ ಮಾಡಿದರೆ ತಳ್ಳುವಾಗ ಬೆರಳು ಜಾರುವುದಿಲ್ಲ, ಅರ್ಧ ದಾರಿಯಲ್ಲಿ ಸುರುಳಿ ಓರೆಯಾಗುವುದಿಲ್ಲ. ನನಗೆ ಇದು ಗೊತ್ತಾಗಲು ನಾಲ್ಕು ತಿಂಗಳು ಬೇಕಾಯಿತು. ಬೆರಳು ಕೂತ ಮೇಲೆ ಮೇಲಿನ ಟೋಪಿ ತೆಗೆಯಿರಿ.

ಹೇಗೆ ನಿಲ್ಲಬೇಕು? ಒಂದು ಕಾಲನ್ನು ಕಮೋಡಿನ ಮೇಲೋ ಸ್ಟೂಲಿನ ಮೇಲೋ ಇಡುವವರಿದ್ದಾರೆ. ನನ್ನನ್ನು ಕೇಳಿದರೆ ಕುಕ್ಕರುಗಾಲಲ್ಲಿ ಕೂರುವುದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಇಂಡಿಯನ್ ಟಾಯ್ಲೆಟ್‌ನಲ್ಲಿ ಕೂತು ಬೆಳೆದ ನಮಗೆ ಅದು ಹೊಸದೇನಲ್ಲ. ಜರ್ಮನಿಯ ಗೆಳತಿಗೆ ಇದನ್ನು ಹೇಳಿಕೊಟ್ಟಾಗ ಎರಡೇ ನಿಮಿಷಕ್ಕೆ ಅವಳ ಮಂಡಿ ನಡುಗುತ್ತಿತ್ತು!

ಇನ್ನೊಂದು ಕೈಯಿಂದ ತುಟಿಗಳನ್ನು ಸ್ವಲ್ಪ ಬಿಡಿಸಿ, ಸುರುಳಿಯ ತುದಿಯನ್ನು ಯೋನಿಯ ಬಾಯಿಗೆ ಇಡಿ. ದಿಕ್ಕಿನ ವಿಷಯದಲ್ಲೇ ಎಲ್ಲರೂ ಎಡವುವುದು. ದಾರಿ ನೇರ ಮೇಲಕ್ಕಿಲ್ಲ. ಓರೆಯಾಗಿ ಹಿಂದಕ್ಕೆ, ಸೊಂಟದ ಕೆಳಭಾಗದ ಕಡೆಗೆ ಹೋಗುತ್ತದೆ. ಆ ಕಡೆ ಗುರಿಯಿಟ್ಟು ಉಸಿರು ಬಿಡುತ್ತಾ ಮೆಲ್ಲಗೆ ತಳ್ಳಿ. ಬಾಯಿಯ ಹತ್ತಿರದ ಸ್ನಾಯುಗಳು ಬಿಗಿ ಹಿಡಿಯುವಂಥವು. ಅವನ್ನು ದಾಟಿದರೆ ಒಳಗೆ ಸಲೀಸು. ಬೆರಳಿನ ಎರಡನೇ ಗೆಣ್ಣಿನವರೆಗೆ, ಕೆಲವರಿಗೆ ಪೂರ್ತಿ ಬೆರಳು ಹೋಗಬೇಕು. ಬೆರಳು ಹೊರಗೆ ತೆಗೆದು ಎದ್ದು ನಿಂತು ನಾಲ್ಕು ಹೆಜ್ಜೆ ನಡೆಯಿರಿ. ಒಳಗೆ ಏನೋ ಇದೆ ಅನ್ನಿಸಿದರೆ, ಚುಚ್ಚಿದರೆ, ಇನ್ನೂ ಒಳಗೆ ಹೋಗಬೇಕು ಎಂದರ್ಥ. ಒಂದು ಚೂರು ತಳ್ಳಿ. ಆಗದಿದ್ದರೆ ತೆಗೆದು ಹೊಸದನ್ನು ಹಾಕಿ.

ನೋವಾದರೆ ಅಲ್ಲಿಗೇ ನಿಲ್ಲಿಸಿ. ಹೆದರಿದಷ್ಟೂ ಸ್ನಾಯು ಬಿಗಿಯುತ್ತದೆ. ಮುಂದಿನ ತಿಂಗಳು ನೋಡಿದರಾಯಿತು. ಬೇಕಿದ್ದರೆ ನೀರಿನ ಆಧಾರದ ಲೂಬ್ರಿಕೆಂಟ್ ತುದಿಗೆ ಒಂದು ಹನಿ ಹಚ್ಚಬಹುದು. ಮನೆಯಲ್ಲಿದೆ ಎಂದು ಕೊಬ್ಬರಿ ಎಣ್ಣೆ, ವ್ಯಾಸಲೀನ್ ಬೇಡ. ಪ್ರತಿ ಸಲವೂ ತಡೆಯಲಾರದ ನೋವು, ಬೆರಳೂ ಹೋಗುವುದಿಲ್ಲ ಅನ್ನುವವರು ಸ್ತ್ರೀರೋಗ ತಜ್ಞರ ಹತ್ತಿರ ಹೇಳಿಕೊಳ್ಳಿ. ಅದಕ್ಕೆ ಚಿಕಿತ್ಸೆ ಇದೆ.

ಎಲ್ಲಿ ಯಾವುದು ಗೆಲ್ಲುತ್ತದೆ

ಹೊಸಬರಿಗೆ ಅಪ್ಲಿಕೇಟರ್ ಸುಲಭ ಎಂದು ಎಲ್ಲರೂ ಹೇಳುತ್ತಾರೆ. ನಾನು ಪೂರ್ತಿ ಒಪ್ಪುವುದಿಲ್ಲ. ಪ್ಲಾಸ್ಟಿಕ್ ಕೊಳವೆ ನುಣುಪಾಗಿ ಜಾರುತ್ತದೆ, ನಿಜ. ಆದರೆ ಕೊಳವೆಗೆ ದಾರಿ ತಿಳಿಯುವುದಿಲ್ಲ. ಬೆರಳಿಗೆ ತಿಳಿಯುತ್ತದೆ. ಎಲ್ಲಿ ತಿರುವು, ಎಲ್ಲಿ ಗೋಡೆ, ಸುರುಳಿ ಎಷ್ಟು ಒಳಗೆ ಹೋಯಿತು, ಎಲ್ಲ ಬೆರಳ ತುದಿಗೇ ಗೊತ್ತಾಗುತ್ತದೆ. ಅತ್ತಿಗೆ ಹತ್ತು ವರ್ಷ ಅಪ್ಲಿಕೇಟರ್ ಬಳಸಿಯೂ ಕೊಳವೆಯನ್ನು ಪೂರ್ತಿ ಒಳಗಿಡುವ ಮುಂಚೆಯೇ ತಳ್ಳುತ್ತಿದ್ದರಂತೆ. ಸುರುಳಿ ಬಾಗಿಲಲ್ಲೇ ಉಳಿದು ದಿನವಿಡೀ ಕಿರಿಕಿರಿ. ಟ್ಯಾಂಪೂನ್ ಅಂದರೆ ಹಾಗೇ ಇರುತ್ತೆ ಅಂದುಕೊಂಡಿದ್ದರು ಪಾಪ.

ಆದರೆ ಅಪ್ಲಿಕೇಟರ್‌ಗೆ ತನ್ನದೇ ಜಾಗ ಇದೆ. ಹರಿವು ಕಡಿಮೆ ಇರುವ ಕೊನೆಯ ದಿನಗಳಲ್ಲಿ ಪ್ಲಾಸ್ಟಿಕ್ ಕೊಳವೆ ಉಜ್ಜದೆ ಹೋಗುತ್ತದೆ. ರಟ್ಟಿನದು ಅಷ್ಟು ನುಣುಪಲ್ಲ. ಕೈಬೆರಳುಗಳಲ್ಲಿ ಸಂಧಿವಾತ ಇರುವವರಿಗೆ, ಬಗ್ಗಿ ಕೈ ಎಟುಕಿಸುವುದು ಕಷ್ಟವಾದವರಿಗೆ ಉದ್ದದ ಕೊಳವೆ ಅನುಕೂಲ. ಉಗುರು ಬಿಡುವ ಶೋಕಿ ಇರುವವರಿಗೂ.

ಇನ್ನು ನಾನು ಸೋತ ದಿನ. ಬೆಳಿಗ್ಗೆ ಚಿತ್ರಾನ್ನಕ್ಕೆ ಹಸಿಮೆಣಸಿನಕಾಯಿ ಹೆಚ್ಚಿದ್ದೆ. ಸೋಪು ಹಾಕಿ ಕೈ ತೊಳೆದೆ, ಒಂದಲ್ಲ ಎರಡು ಸಲ. ಅರ್ಧ ಗಂಟೆ ಬಿಟ್ಟು ಬಾತ್‌ರೂಮಿಗೆ ಹೋಗಿ, ಕೊಡೆ ಬಿಡಿಸಿ, ಗುಳಿ ಮಾಡಿ, ಎಲ್ಲ ಸರಿಯಾಗಿ ಮಾಡಿದೆ. ಆಮೇಲೆ ಆದದ್ದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಣ್ಣೀರು ಸುರಿದುಕೊಂಡು ಕೂತವಳು ಆಫೀಸಿಗೆ ರಜೆ ಹಾಕಿದೆ. ಅಂದಿನಿಂದ ಅಡುಗೆಮನೆಯ ಡ್ರಾಯರ್‌ನಲ್ಲಿ ಒಂದು ಜೊತೆ ಗ್ಲೌಸ್, ಬಾತ್‌ರೂಮಿನ ಶೆಲ್ಫಿನಲ್ಲಿ ಎರಡು ಅಪ್ಲಿಕೇಟರ್ ಟ್ಯಾಂಪೂನ್ ಇರುತ್ತವೆ. ಸ್ಯಾನಿಟೈಸರ್ ಹಚ್ಚಿಕೊಂಡ ಕೈಗೂ ಇದೇ ಮಾತು. ಪೂರ್ತಿ ಆರುವ ಮುಂಚೆ ಹಾಕಿದರೆ ಅದೂ ಉರಿಸುತ್ತದೆ.

ಪ್ರಯಾಣದಲ್ಲಿ? ರೈಲಿನ ಟಾಯ್ಲೆಟ್, ಬಸ್ ಸ್ಟ್ಯಾಂಡಿನ ಟಾಯ್ಲೆಟ್‌ಗಳಲ್ಲಿ ನೀರು ಬರುತ್ತೋ ಇಲ್ವೋ, ಸೋಪಂತೂ ಇರಲ್ಲ. ಅಂಥ ಕಡೆ ಅಪ್ಲಿಕೇಟರ್ ಒಂದು ಕೈ ಮೇಲೆ. ನಾನು ಮಾಡುವುದು ಬೇರೆ: ರೈಲು ಹತ್ತುವ ಮುಂಚೆ ಮನೆಯಲ್ಲೇ ಹೊಸದು ಹಾಕಿಕೊಂಡು, ಕಾಗದದ ಸೋಪು ಮತ್ತು ಅರ್ಧ ಲೀಟರ್ ನೀರಿನ ಬಾಟಲಿ ಬ್ಯಾಗಿನಲ್ಲಿಟ್ಟುಕೊಳ್ಳುತ್ತೇನೆ. ಬೆರಳಿನದು ಆರು ತುಂಡು ಸಣ್ಣ ಪರ್ಸಿನಲ್ಲಿ ಹಿಡಿಯುತ್ತವೆ. ಅಪ್ಲಿಕೇಟರ್ ಆರು ಎಂದರೆ ಸ್ಕೆಚ್ ಪೆನ್ನಿನ ಪ್ಯಾಕೆಟ್ಟು ಹೊತ್ತಂತೆ.

ನಾವು ಟಾಯ್ಲೆಟ್ ಪೇಪರ್ ಜನರಲ್ಲ, ನೀರಿನ ಜನ. ಇದನ್ನು ಡಬ್ಬಿಯ ಚೀಟಿ ಬರೆದವರು ಯೋಚಿಸಿಯೇ ಇಲ್ಲ. ಮೂತ್ರದ ದಾರಿ ಬೇರೆ, ಯೋನಿ ಬೇರೆ. ಹಾಗಾಗಿ ಮೂತ್ರಕ್ಕೆ ಹೋಗಲು ಟ್ಯಾಂಪೂನ್ ತೆಗೆಯಬೇಕಿಲ್ಲ. ಆದರೆ ದಾರವನ್ನು ಒಂದು ಬದಿಗೆ ಹಿಡಿಯಿರಿ. ತೊಳೆದ ಮೇಲೆ ದಾರವನ್ನು ಟಿಶ್ಯೂನಿಂದ ಒತ್ತಿ ಒಣಗಿಸಿ. ಒದ್ದೆ ದಾರ ತೊಡೆಸಂದಿಯಲ್ಲಿ ಉಜ್ಜುತ್ತಾ ಇರುತ್ತದೆ. ಕಕ್ಕಸಿಗೆ ಹೋದ ಮೇಲೆ ದಾರ ಕೊಳೆಯಾದರೆ ಬದಲಾಯಿಸಿಬಿಡಿ.

ಕಸದ ವಿಷಯಕ್ಕೆ ಬಂದರೆ ಬೆರಳಿನದು ಸಲೀಸಾಗಿ ಗೆಲ್ಲುತ್ತದೆ. ಪ್ರತಿ ಸಲ ಒಂದು ಪ್ಲಾಸ್ಟಿಕ್ ಕೊಳವೆ ಎಸೆಯುವುದು ತಪ್ಪುತ್ತದೆ. ಎರಡನ್ನೂ ಕಮೋಡಿಗೆ ಹಾಕುವಂತಿಲ್ಲ, ಪೈಪು ಕಟ್ಟುತ್ತದೆ. ಬೆಂಗಳೂರಿನಲ್ಲಾದರೆ ಪ್ಯಾಡ್‌ನ ಹಾಗೇ ಪೇಪರಿನಲ್ಲಿ ಸುತ್ತಿ, ಕೆಂಪು ಗುರುತು ಹಾಕಿ, ಬೇರೆಯಾಗಿ ಕೊಡಿ. ಕಸ ಬೇರ್ಪಡಿಸುವವರ ಕೈ ಅದಕ್ಕೆ ತಾಗಬಾರದು.

ಎಂಟು ಗಂಟೆಯ ಗಡಿ

ಟ್ಯಾಂಪೂನ್ ಅಂದರೆ ಸಾಯ್ತಾರಂತೆ ಎಂದು ಹೆದರಿಸುವವರು ಸಿಗುತ್ತಾರೆ. ಆ ಮಾತು ಬಂದದ್ದು ಟಾಕ್ಸಿಕ್ ಶಾಕ್ ಸಿಂಡ್ರೋಮ್‌ನಿಂದ. ಸ್ಟೆಫೈಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ಬಿಡುವ ವಿಷ ರಕ್ತಕ್ಕೆ ಸೇರಿದಾಗ ಬರುವ ಕಾಯಿಲೆ ಅದು. ಬಹಳ ಅಪರೂಪ, ಆದರೆ ಬಂದರೆ ಗಂಭೀರ. 1980ರಲ್ಲಿ ಅಮೆರಿಕದಲ್ಲಿ ಇಂಥ ಪ್ರಕರಣಗಳು ಏರಿದಾಗ, ವಿಪರೀತ ಹೀರುವ 'ರಿಲೈ' ಎಂಬ ಟ್ಯಾಂಪೂನನ್ನು ಮಾರುಕಟ್ಟೆಯಿಂದ ವಾಪಸ್ ತೆಗೆದರು. ಹೀರುವ ಶಕ್ತಿ ಹೆಚ್ಚಿದಷ್ಟೂ ಅಪಾಯ ಹೆಚ್ಚು ಎಂದು ಕಂಡುಬಂದ ಮೇಲೆ ಡಬ್ಬಿಯ ಮೇಲೆ ಗ್ರಾಂ ಲೆಕ್ಕದ ಹೆಸರುಗಳು ಬಂದವು. ಚಿಕ್ಕದರಿಂದ ಶುರುಮಾಡಿ ಎಂದದ್ದು ಇದಕ್ಕೇ.

ನಾಲ್ಕರಿಂದ ಎಂಟು ಗಂಟೆಗೊಮ್ಮೆ ಬದಲಾಯಿಸಬೇಕು. ಎಂಟು ಮೀರಬಾರದು. ರಾತ್ರಿ ಎಂಟು ಗಂಟೆಗಿಂತ ಜಾಸ್ತಿ ಮಲಗುವವರು ಪ್ಯಾಡ್ ಹಾಕಿಕೊಳ್ಳಿ. ತೆಗೆಯುವಾಗ ಒಣಗಿ ಅಂಟಿಕೊಂಡು ಬರುತ್ತಿದ್ದರೆ ಅದು ನಿಮಗೆ ದೊಡ್ಡದಾಯಿತು, ಒಂದು ಮೆಟ್ಟಿಲು ಇಳಿಯಿರಿ. ನಾಲ್ಕು ಗಂಟೆಯೊಳಗೇ ತೊಯ್ದು ಸೋರಿದರೆ ಒಂದು ಮೆಟ್ಟಿಲು ಏರಿ. ಹಾಕಿಕೊಂಡಿರುವಾಗ ಇದ್ದಕ್ಕಿದ್ದಂತೆ 102 ಡಿಗ್ರಿ ದಾಟಿದ ಜ್ವರ, ವಾಂತಿ, ಭೇದಿ, ತಲೆ ತಿರುಗುವುದು, ಬಿಸಿಲಿಗೆ ಸುಟ್ಟಂತೆ ಮೈ ಕೆಂಪಾಗುವುದು ಕಂಡರೆ ತಕ್ಷಣ ತೆಗೆದು ಆಸ್ಪತ್ರೆಗೆ ಹೋಗಿ. ಟ್ಯಾಂಪೂನ್ ಹಾಕಿದ್ದೆ ಎಂದು ಡಾಕ್ಟರಿಗೆ ಬಾಯಿಬಿಟ್ಟು ಹೇಳಿ. ಒಮ್ಮೆ ಈ ಕಾಯಿಲೆ ಬಂದವರು ಮತ್ತೆ ಟ್ಯಾಂಪೂನ್ ಬಳಸಬಾರದು. ಹೆರಿಗೆ, ಗರ್ಭಪಾತ, ಆಪರೇಷನ್ ಆದ ಹೊಸತರಲ್ಲೂ ಬೇಡ. ಯಾವಾಗ ಶುರುಮಾಡಬಹುದು ಎಂದು ಡಾಕ್ಟರನ್ನೇ ಕೇಳಿ.

ಒಳಗೆ ಕಳೆದುಹೋಗುತ್ತಾ? ಹೋಗಲು ಜಾಗವಿಲ್ಲ. ಯೋನಿಯ ಕೊನೆಯಲ್ಲಿ ಗರ್ಭಕೋಶದ ಬಾಯಿ ಇದೆ, ಅದರ ತೂತು ಟ್ಯಾಂಪೂನ್ ತೂರುವಷ್ಟು ದೊಡ್ಡದಲ್ಲ. ದಾರ ಒಳಗೆ ಸೇರಿಕೊಂಡರೆ ಕುಕ್ಕರುಗಾಲಲ್ಲಿ ಕೂತು ಸ್ವಲ್ಪ ಮುಕ್ಕಿ, ಬೆರಳಿನಿಂದ ಹುಡುಕಿ. ಸಿಗದಿದ್ದರೆ ಡಾಕ್ಟರ್ ಎರಡು ನಿಮಿಷದಲ್ಲಿ ತೆಗೆಯುತ್ತಾರೆ. ಹಳೆಯದನ್ನು ಮರೆತು ಹೊಸದು ಹಾಕುವುದು ಆಗಾಗ ನಡೆಯುವ ತಪ್ಪು. ಕೆಟ್ಟ ವಾಸನೆ ಶುರುವಾದಾಗ ಗೊತ್ತಾಗುತ್ತದೆ.

ಮದುವೆ ಆಗದವರ ಪ್ರಶ್ನೆ

ಟ್ಯಾಂಪೂನ್ ಹಾಕಿದರೆ ಕನ್ಯತ್ವ ಹೋಗುತ್ತಾ? ಇದನ್ನು ಬೇಗ ಮುಗಿಸುತ್ತೇನೆ. ಕನ್ಯಾಪೊರೆ ಬಾಗಿಲು ಮುಚ್ಚಿದ ಪರದೆಯಲ್ಲ. ಮುಚ್ಚಿದ್ದರೆ ಮುಟ್ಟಿನ ರಕ್ತ ಹೊರಗೆ ಹೇಗೆ ಬರುತ್ತಿತ್ತು? ಅಂಚಿನಲ್ಲಿರುವ ಹಿಗ್ಗುವ ಪೊರೆ ಅದು, ಒಬ್ಬೊಬ್ಬರಿಗೆ ಒಂದೊಂದು ಥರ. ಟ್ಯಾಂಪೂನ್‌ನಿಂದ ಅದು ಸ್ವಲ್ಪ ಹಿಗ್ಗಬಹುದು, ಕೆಲವರಲ್ಲಿ ಹರಿಯಲೂಬಹುದು. ಅದರಿಂದ ಯಾರ ಬಗ್ಗೆಯೂ ಏನೂ ತಿಳಿಯುವುದಿಲ್ಲ. ಹೆಣ್ಣಿಗೆ ಮುಂಚೆಯೇ ಲೈಂಗಿಕ ಸಂಪರ್ಕ ಇತ್ತೇ ಎಂದು ನೋಡಲು ಅತ್ಯಾಚಾರದ ಕೇಸುಗಳಲ್ಲಿ ನಡೆಸುತ್ತಿದ್ದ ಎರಡು ಬೆರಳಿನ ಪರೀಕ್ಷೆಗೆ ವೈಜ್ಞಾನಿಕ ಆಧಾರವೇ ಇಲ್ಲ ಎಂದು ಸುಪ್ರೀಂ ಕೋರ್ಟ್ 2022ರ ಅಕ್ಟೋಬರ್‌ನಲ್ಲಿ ಖಡಾಖಂಡಿತವಾಗಿ ಹೇಳಿದೆ.

ಹಾಗಾದರೆ ಕಪ್ ಯಾಕಲ್ಲ?

ಖರ್ಚು, ಕಸ ಎರಡನ್ನೂ ನೋಡಿದರೆ ಮುಟ್ಟಿನ ಕಪ್ಪಿನ ಮುಂದೆ ಎರಡು ಥರದ ಟ್ಯಾಂಪೂನೂ ನಿಲ್ಲಲ್ಲ. ರಕ್ತವನ್ನು ಹೀರದೆ ಒಳಗೇ ಹಿಡಿದಿಟ್ಟುಕೊಳ್ಳುವ, ತೊಳೆದು ಮತ್ತೆ ಬಳಸುವ ಪುಟ್ಟ ಮೆತ್ತನೆಯ ಬಟ್ಟಲು ಅದು. ಒಂದು ಕಪ್ ವರ್ಷಗಟ್ಟಲೆ ಬರುತ್ತದೆ, ಹೆಚ್ಚಿನವನ್ನು 12 ಗಂಟೆಯವರೆಗೆ ಇಡಬಹುದು. ನಮ್ಮ ರಾಜ್ಯ ಸರ್ಕಾರವೂ 'ಮೈತ್ರಿ' ಹೆಸರಲ್ಲಿ ದಕ್ಷಿಣ ಕನ್ನಡ, ಚಾಮರಾಜನಗರ ಜಿಲ್ಲೆಗಳ ವಿದ್ಯಾರ್ಥಿನಿಯರಿಗೆ ಕಪ್ ಕೊಡುವ ಪ್ರಯೋಗ ಮಾಡಿದೆ. ಆದರೆ ಕಪ್ ಹಾಕಲು, ಮಡಿಸಿ ಬಿಡಿಸಲು, ತೆಗೆಯಲು ಬೆರಳು ಇನ್ನೂ ಜಾಸ್ತಿ ಕೆಲಸ ಮಾಡಬೇಕು. ಅಪ್ಲಿಕೇಟರ್‌ನಿಂದ ನೇರ ಕಪ್ಪಿಗೆ ಜಿಗಿದು ಕೈಬಿಟ್ಟವರನ್ನು ನೋಡಿದ್ದೇನೆ. ಬೆರಳಿನ ಟ್ಯಾಂಪೂನ್ ಒಂದಾರು ತಿಂಗಳು ಬಳಸಿದವರಿಗೆ ಆ ದಾರಿ ಆಗಲೇ ಪರಿಚಯ. ಗರ್ಭ ತಡೆಯಲು ಗರ್ಭಕೋಶದೊಳಗೆ ಇಡುವ, ದಾರವಿರುವ ಕಾಪರ್-ಟಿ ಹಾಕಿಸಿಕೊಂಡವರು ಕಪ್ ಕೊಳ್ಳುವ ಮುಂಚೆ ಡಾಕ್ಟರನ್ನು ಕೇಳಲೇಬೇಕು, ಕಪ್ ಎಳೆಯುವಾಗ ಅದೂ ಜರುಗಬಹುದು. ಟ್ಯಾಂಪೂನ್ ತೆಗೆಯುವಾಗಲೂ ಅಂಥವರು ಯಾವ ದಾರ ಎಳೆಯುತ್ತಿದ್ದೀರಿ ಎಂದು ನೋಡಿಕೊಳ್ಳಿ.

ಈಜುವುದೊಂದೇ ಕಾರಣಕ್ಕೆ, ವರ್ಷಕ್ಕೆ ನಾಲ್ಕು ಸಲ ಬೇಕೆನ್ನುವವರು ಕಪ್ಪಿನ ತಲೆಬಿಸಿ ಹಚ್ಚಿಕೊಳ್ಳಬೇಡಿ. ಒಂದು ಡಬ್ಬಿ ಬೆರಳಿನ ಟ್ಯಾಂಪೂನ್ ತನ್ನಿ. ದಾರವನ್ನು ಈಜುಡುಗೆಯೊಳಗೆ ಸೇರಿಸಿ, ನೀರಿನಿಂದ ಬಂದ ತಕ್ಷಣ ಬದಲಾಯಿಸಿ.

ತಂಗಿಗೆ ಇದನ್ನೆಲ್ಲ ಫೋನಿನಲ್ಲಿ ಹೇಳಿದೆ. ಕೊಡೆ ಬಿಡಿಸುವ ಭಾಗವನ್ನು ಎರಡು ಸಲ ಹೇಳಿಸಿಕೊಂಡಳು. ಮೊನ್ನೆ ಬೆಳಿಗ್ಗೆ ಒಂಬತ್ತಕ್ಕೆ ಮೆಸೇಜ್ ಬಂತು: "ಅಕ್ಕಾ, ಹಾಕ್ಕೊಂಡೆ. ಆದ್ರೆ ಒಳಗಿದೆಯೋ ಇಲ್ವೋ ಅಂತಾನೇ ಗೊತ್ತಾಗ್ತಿಲ್ಲ."

"ಹಾಗಿದ್ರೆ ಸರಿಯಾಗಿ ಕೂತಿದೆ. ಮಧ್ಯಾಹ್ನ ಎರಡಕ್ಕೆ ಅಲಾರಂ ಇಡು" ಎಂದು ಬರೆದೆ.